ಪಾಠ ಅರ್ಥವಾಗುತ್ತದೆ, ಪ್ರೋಗ್ರಾಂ ಬರೆಯಲು ಮಾತ್ರ ಕೈ ಓಡುವುದಿಲ್ಲ: ಅಭ್ಯಾಸ ಹೇಗಿರಬೇಕು?

ತುಂಗಾತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ. ಮುಗಿಸಿ ಶಿವಮೊಗ್ಗದ ಆಡಿಟರ್ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ನಾಲ್ಕು ತಿಂಗಳಿನಿಂದ ರಾತ್ರಿ ಊಟವಾದ ಮೇಲೆ ಒಂದು ಗಂಟೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದು, ವೇರಿಯಬಲ್, ಇಫ್, ಫಾರ್ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಆಜ್ಞೆ), ಲಿಸ್ಟ್ (ಮೌಲ್ಯಗಳ ಪಟ್ಟಿ), ಫಂಕ್ಷನ್‌ಗಳ ಪಾಠ ಮುಗಿದಿದೆ. ವಿಡಿಯೊ ನೋಡುವಾಗ ಪ್ರತಿ ಸಾಲೂ ಅರ್ಥವಾಗುತ್ತದೆ. ಅದೇ ಲೆಕ್ಕವನ್ನು ಮರುದಿನ ನಾನೇ ಮಾಡಲು ಕುಳಿತರೆ ಮೊದಲ ಸಾಲೇ ತೋಚುವುದಿಲ್ಲ. ಹತ್ತು ನಿಮಿಷ ಒದ್ದಾಡಿ ಕೊನೆಗೆ ಉತ್ತರ ನೋಡಿಬಿಡುತ್ತೇನೆ. ಹೀಗೆ ನೋಡುವುದು ತಪ್ಪೇ? ದಿನಕ್ಕೆ ಎಷ್ಟು ಲೆಕ್ಕ ಮಾಡಬೇಕು?

ಇನ್ನೊಂದು ವಿಷಯ. ಪ್ರೋಗ್ರಾಂ ಬರೆದು ಬಿಡಿಸುವ ಗಣಿತದ ಲೆಕ್ಕಗಳಿರುವ ಪ್ರಾಜೆಕ್ಟ್ ಆಯ್ಲರ್ ಜಾಲತಾಣದ ಮೊದಲ ಲೆಕ್ಕವನ್ನು ನಿನ್ನೆ ಮಾಡಿದೆ: 1000ಕ್ಕಿಂತ ಚಿಕ್ಕದಾದ, 3ರ ಅಥವಾ 5ರ ಅಪವರ್ತ್ಯಗಳಾದ ಎಲ್ಲ ಸಂಖ್ಯೆಗಳ ಮೊತ್ತ ಬೇಕು. ಅವರೇ ಕೊಟ್ಟಿರುವ 10ರ ಉದಾಹರಣೆಗೆ ನನ್ನ ಪ್ರೋಗ್ರಾಂ ಸರಿಯಾಗಿ 23 ಎನ್ನುತ್ತದೆ, ಆದರೆ 1000ಕ್ಕೆ ಬರುವ 266333 ಅನ್ನು ತಾಣ ಒಪ್ಪುತ್ತಿಲ್ಲ. ಎಲ್ಲಿ ಎಡವಿದ್ದೇನೆ?

ಗಣಕಮೇಷ್ಟ್ರು (ಉತ್ತರ):

ತುಂಗಾತೀರ ಅವರೇ, ಮೊದಲು ಈ ತಪ್ಪನ್ನೇ ನೋಡೋಣ, ಏಕೆಂದರೆ ನಿಮ್ಮ ಉಳಿದ ಪ್ರಶ್ನೆಗಳ ಉತ್ತರವೂ ಬಹುಪಾಲು ಇದರೊಳಗೇ ಇದೆ. 3ರ ಅಪವರ್ತ್ಯಗಳ ಮೊತ್ತ 166833, 5ರ ಅಪವರ್ತ್ಯಗಳ ಮೊತ್ತ 99500. ಎರಡೂ ಸೇರಿದರೆ ನಿಮ್ಮ 266333 ಬರುತ್ತದೆ, ಅಂದರೆ ನೀವು ಎರಡು ಲೂಪ್ ಬರೆದು ಇವೆರಡನ್ನೂ ಕೂಡಿದ್ದೀರಿ. 15, 30, 45 ಮುಂತಾದ ಸಂಖ್ಯೆಗಳು ಎರಡೂ ಕಡೆ ಇರುವುದರಿಂದ ಅವು ಎರಡೆರಡು ಸಲ ಸೇರಿಕೊಂಡಿವೆ. 10ರ ಉದಾಹರಣೆಯಲ್ಲಿ ಇರುವುದು 3, 5, 6, 9 ಮಾತ್ರ. ಅಲ್ಲಿ 15 ಬರುವುದೇ ಇಲ್ಲವಾದ್ದರಿಂದ ತಪ್ಪು ಪ್ರೋಗ್ರಾಮೂ ಸರಿಯಾದ ಉತ್ತರ ಕೊಟ್ಟಿದೆ.

ಈಗ ಕಾಗದದ ಮೇಲೆ 16ರವರೆಗಿನ ಲೆಕ್ಕ ಮಾಡಿ: 3, 5, 6, 9, 10, 12, 15, ಒಟ್ಟು 60. ನಿಮ್ಮ ಪ್ರೋಗ್ರಾಂ 75 ಎನ್ನುತ್ತದೆ. ವ್ಯತ್ಯಾಸ ಸರಿಯಾಗಿ 15. ತಪ್ಪು ತಾನಾಗಿಯೇ ಸಿಕ್ಕಿತು. ಒಂದೇ ಲೂಪ್‌ನಲ್ಲಿ ‘ಅಥವಾ’ ಷರತ್ತು ಹಾಕಿದರೆ ಸರಿಹೋಗುತ್ತದೆ. 1000ದ ಉತ್ತರವನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ನಿಮಗೆ ನೀವೇ ಕಂಡುಕೊಳ್ಳಬೇಕಾದದ್ದು.

ನಾನು ತರಗತಿಯಲ್ಲಿ ಮಕ್ಕಳಿಗೆ ಹೇಳುವುದು ಇಷ್ಟೇ: ಕೀಲಿಮಣೆ ಮುಟ್ಟುವ ಮೊದಲು, ಪ್ರೋಗ್ರಾಮನ್ನು ಕಷ್ಟಕ್ಕೆ ಸಿಕ್ಕಿಸಬಲ್ಲ ಮೂರು ನಾಲ್ಕು ಇನ್‌ಪುಟ್‌ಗಳನ್ನು ಆರಿಸಿ, ಅವುಗಳ ಉತ್ತರವನ್ನು ಕೈಯಲ್ಲೇ ಲೆಕ್ಕ ಹಾಕಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಅಧಿಕ ವರ್ಷದ ಲೆಕ್ಕವಾದರೆ 2023 ಮತ್ತು 2024 ಸಾಲದು. 1900 ಮತ್ತು 2000 ಎರಡೂ ಬೇಕು. 100ರಿಂದ ಭಾಗವಾಗುವ ವರ್ಷ 400ರಿಂದಲೂ ಭಾಗವಾದರೆ ಮಾತ್ರ ಅಧಿಕ ವರ್ಷ, ಆದ್ದರಿಂದ 1900 ಅಲ್ಲ, 2000 ಹೌದು. ಕೈಯಲ್ಲಿ ಲೆಕ್ಕ ಹಾಕುವಾಗ ನಿಮ್ಮ ಮನಸ್ಸು ಯಾವ ಕ್ರಮದಲ್ಲಿ ಸಾಗಿತೋ ಅದನ್ನೇ ಕನ್ನಡದಲ್ಲಿ ನಾಲ್ಕು ವಾಕ್ಯವಾಗಿ ಬರೆದರೆ, ತೋಚುತ್ತಿಲ್ಲ ಎನ್ನುತ್ತಿದ್ದೀರಲ್ಲ, ಆ ಮೊದಲ ಸಾಲು ಅಲ್ಲೇ ಇರುತ್ತದೆ.

ಸಾಧನಕೇರಿ (ಉತ್ತರ):

ಮೇಷ್ಟ್ರ ಮಾತಿಗೆ ನನ್ನ ಅನುಭವವನ್ನೂ ಸೇರಿಸುತ್ತೇನೆ. ಉತ್ತರ ನೋಡುವುದು ತಪ್ಪಲ್ಲ, ನೋಡಿ ಮುಂದಿನ ಲೆಕ್ಕಕ್ಕೆ ಹೋಗಿಬಿಡುವುದು ತಪ್ಪು. ನಾನು ಕಲಿಯುವಾಗ ಉತ್ತರ ನೋಡಿದ ಪ್ರತಿ ಲೆಕ್ಕಕ್ಕೂ ಪುಸ್ತಕದಲ್ಲಿ ಕೆಂಪು ಚುಕ್ಕೆ ಇಟ್ಟು, ಪುಟ ಮುಚ್ಚಿ ಆಗಲೇ ಒಮ್ಮೆ, ಮೂರು ದಿನ ಬಿಟ್ಟು ಮತ್ತೊಮ್ಮೆ ಏನೂ ನೋಡದೆ ಬರೆಯುತ್ತಿದ್ದೆ. ಎರಡನೆಯ ಸಲ ಬಂದರೆ ಮಾತ್ರ ಚುಕ್ಕೆಯನ್ನು ಹೊಡೆದುಹಾಕುತ್ತಿದ್ದೆ. ಹೀಗೆ ದಿನಕ್ಕೆ ಒಂದು ಲೆಕ್ಕವಾದರೂ ಸಾಕಾಗುತ್ತದೆ.

ನೀವು ಆಡಿಟರ್ ಕಚೇರಿಯಲ್ಲಿರುವುದು ದೊಡ್ಡ ಅನುಕೂಲ. ಶೇ. 18 ಜಿಎಸ್‌ಟಿ ಸೇರಿದ ಬಿಲ್ಲಿನ ಒಟ್ಟು ಮೊತ್ತ ಕೊಟ್ಟರೆ ಮೂಲ ಬೆಲೆ ಹೇಳುವ ಪ್ರೋಗ್ರಾಂ ಬರೆಯಿರಿ. 1180 ರೂಪಾಯಿಗೆ 1000 ಬರಬೇಕು. ಒಟ್ಟು ಮೊತ್ತದಿಂದಲೇ ಶೇ. 18 ಕಳೆದರೆ 967.60 ಬರುತ್ತದೆ, 1.18ರಿಂದ ಭಾಗಿಸಬೇಕೆಂದು ನಿಮಗೆ ಗೊತ್ತಿರುವುದರಿಂದ ತಪ್ಪು ಕಣ್ಣಿಗೆ ಕೂಡಲೇ ಬೀಳುತ್ತದೆ. ಗೊತ್ತಿರುವ ಕೆಲಸದ ಲೆಕ್ಕ ಆರಿಸಿಕೊಂಡರೆ ಗಮನವೆಲ್ಲ ಭಾಷೆಯ ಮೇಲಿರುತ್ತದೆ. ಒಂದು ಎಚ್ಚರಿಕೆ: ಕೀಲಿಮಣೆಯಿಂದ ಇನ್‌ಪುಟ್ ಪಡೆದದ್ದನ್ನು ಪೈಥಾನ್ ಅಕ್ಷರಗಳ ಸಾಲಾಗಿಯೇ ಇಟ್ಟುಕೊಳ್ಳುತ್ತದೆ. 500 ಮತ್ತು 90 ಅನ್ನು ಸಂಖ್ಯೆಯಾಗಿ ಮಾರ್ಪಡಿಸದೆ ಕೂಡಿದರೆ 590 ಅಲ್ಲ, 50090 ಬರುತ್ತದೆ.

ತುಂಗಾತೀರ:

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. 16ರ ಲೆಕ್ಕವನ್ನು ಕೈಯಲ್ಲಿ ಮಾಡಿದ ಕೂಡಲೇ ತಪ್ಪು ಕಂಡಿತು. 1000ದ ಉತ್ತರವನ್ನೂ ತಾಣ ಒಪ್ಪಿತು. ಅದೇ ಹುಮ್ಮಸ್ಸಿನಲ್ಲಿ, ಹಿಂದಿನಿಂದ ಓದಿದರೂ ಒಂದೇ ಆಗಿರುವ ಪದವನ್ನು ಗುರುತಿಸುವ ಪ್ರೋಗ್ರಾಂ ಬರೆದು ಕನ್ನಡ ಪದಗಳನ್ನು ಕೊಟ್ಟು ನೋಡಿದೆ. ‘ಕನಕ’, ‘ನಟನ’ ಎರಡಕ್ಕೂ ಹೌದು ಎಂದಿತು. ಆದರೆ ‘ಸಮಾಸ’ಕ್ಕೂ ‘ವಿಕಟಕವಿ’ಗೂ ಅಲ್ಲ ಎನ್ನುತ್ತದೆ. ಮೇಷ್ಟ್ರು ಹೇಳಿದಂತೆ ಕಾಗದದ ಮೇಲೆ ತಿರುವಿ ಬರೆದರೂ ನನಗೆ ತಪ್ಪು ಸಿಗುತ್ತಿಲ್ಲ.

ಗಣಕಮೇಷ್ಟ್ರು:

ಬಹಳ ಒಳ್ಳೆಯ ಇನ್‌ಪುಟ್ ಆರಿಸಿದ್ದೀರಿ. ಕಾಗದದ ಮೇಲೆ ನೀವು ತಿರುವಿದ್ದು ಅಕ್ಷರಗಳನ್ನು. ಪೈಥಾನ್ ತಿರುವುವುದು ಯೂನಿಕೋಡ್ ಸಂಕೇತಗಳನ್ನು, ಅಂದರೆ ಗಣಕದಲ್ಲಿ ಲಿಪಿಯ ಒಂದೊಂದು ಚಿಹ್ನೆಗೂ ಕೊಟ್ಟಿರುವ ಸಂಖ್ಯೆಗಳನ್ನು. ‘ವಿ’ ನಮಗೆ ಒಂದು ಅಕ್ಷರ, ಯೂನಿಕೋಡ್‌ನಲ್ಲಿ ‘ವ’ ಒಂದು, ಅದರ ಗುಡಿಸು ಇನ್ನೊಂದು. ಹಾಗಾಗಿ ಐದು ಅಕ್ಷರದ ವಿಕಟಕವಿಯ ಉದ್ದವನ್ನು ಕೇಳಿದರೆ ಪೈಥಾನ್ 7 ಎನ್ನುತ್ತದೆ. ತಿರುವಿದಾಗ ಕೊನೆಯ ಗುಡಿಸು ಎಲ್ಲಕ್ಕಿಂತ ಮುಂದೆ ಬಂದು ಒಂಟಿಯಾಗಿ ನಿಲ್ಲುತ್ತದೆ, ಮೊದಲ ‘ವಿ’ಯ ಗುಡಿಸು ಪಕ್ಕದ ‘ಕ’ಕ್ಕೆ ಅಂಟಿಕೊಂಡು ಅದು ‘ಕಿ’ ಆಗುತ್ತದೆ. ಕನಕ, ನಟನ ಪದಗಳಲ್ಲಿ ಇಂಥ ಚಿಹ್ನೆಗಳಿಲ್ಲದ್ದರಿಂದ ಅವು ಪಾರಾದವು.

ಇದನ್ನು ಮುಂದಿನ ಅಭ್ಯಾಸವಾಗಿ ತೆಗೆದುಕೊಳ್ಳಿ. ಖಾಲಿ ಲಿಸ್ಟ್ ಒಂದನ್ನು ಇಟ್ಟುಕೊಂಡು ಪದದ ಸಂಕೇತಗಳನ್ನು ಒಂದೊಂದಾಗಿ ನೋಡುತ್ತ ಹೋಗಿ: ಬಂದದ್ದು ಕಾಗುಣಿತದ ಚಿಹ್ನೆ, ಸೊನ್ನೆ, ವಿಸರ್ಗ ಅಥವಾ ಹಲಂತ (‘ನ್’ನಲ್ಲಿರುವಂತೆ ಸ್ವರವಿಲ್ಲವೆಂದು ತೋರಿಸುವ ಚಿಹ್ನೆ) ಆದರೆ ಅದನ್ನು ಲಿಸ್ಟಿನ ಕೊನೆಯ ಗುಂಪಿಗೇ ಸೇರಿಸಿ, ಕೊನೆಯ ಗುಂಪು ಹಲಂತದಲ್ಲಿ ಮುಗಿದಿದ್ದು ಈಗ ವ್ಯಂಜನ ಬಂದರೆ, ಅದು ಒತ್ತಕ್ಷರವಾದ್ದರಿಂದ ಅದನ್ನೂ ಅಲ್ಲಿಗೇ ಸೇರಿಸಿ, ಉಳಿದಂತೆ ಹೊಸ ಗುಂಪು ಆರಂಭಿಸಿ. ‘ಕನ್ನಡ’ ಎಂದು ಕೊಟ್ಟಾಗ ಕ, ನ್ನ, ಡ ಎಂಬ ಮೂರೇ ಗುಂಪು ಬರಬೇಕು. ಅಷ್ಟಾದರೆ ಲಿಸ್ಟನ್ನು ತಿರುವಿ ಹೋಲಿಸಿ, ವಿಕಟಕವಿಗೆ ಏನು ಬಂತೆಂದು ಇಲ್ಲೇ ತಿಳಿಸಿ.