ಬೌಲಿಂಗ್ ಪಿನ್‌ಸೆಟ್ಟರ್ ಓಡುವಾಗ ಮಾತ್ರ ಆರ್‌ಸಿಸಿಬಿ ಟ್ರಿಪ್, ಯಾಕೆ?

ಪ್ರಶ್ನೆ: ನಮ್ ಸೆಂಟರ್‌ನಲ್ಲಿ 4ನೇ ಲೇನ್ ಪಿನ್‌ಸೆಟ್ಟರ್ (ಬಿದ್ದ ಪಿನ್ ಮತ್ತೆ ನಿಲ್ಲಿಸೋ ಮಷೀನ್) ಸುಮ್ನೆ ನಿಂತಿದ್ರೆ ಏನೂ ಆಗಲ್ಲ, ಪಿನ್ ಇಡೋಕೆ ಡೆಕ್ ಕೆಳಗಿಳಿಯೋ ಹೊತ್ತಿಗೆ ಸರಿಯಾಗಿ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್) ಟಪ್ ಅಂತ ಬೀಳತ್ತೆ, ಮೋಟರ್ ಬದಲಾಯಿಸಿದ್ರೂ ಅದೇ ಕಥೆ.

ಉತ್ತರ 1: ಮೋಟರ್‌ಗೆ ಯಾಕೆ ದುಡ್ಡು ಸುರಿದ್ರಿ ಗುರುಗಳೇ! ಡೆಕ್ ಜೊತೆ ಆಡೋ ಕೇಬಲ್ ನೋಡಿ, ಕ್ಲಾಂಪ್ ಹತ್ರ ಉಜ್ಜಿ ಉಜ್ಜಿ ಸಿಪ್ಪೆ ಸವೆದು, ಒಳಗಿನ ತಂತಿ ಮಷೀನಿನ ಲೋಹದ ಮೈಗೆ ತಾಗ್ತಿರಬೋದು. ಮೇನ್ ಆಫ್ ಮಾಡಿ, ಕಂಟ್ರೋಲ್ ಬೋರ್ಡ್ ಕನೆಕ್ಟರ್ ಕಳಚಿ, 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಗಟ್ಟಿ ಇದೆಯಾ ಅಂತ ಅಳೆಯೋ ಮೀಟರ್) ಹಾಕಿ ಕೇಬಲ್ ಅಲ್ಲಾಡಿಸ್ತಾ ಹೋಗಿ. 1 ಮೆಗಾಓಮ್‌ಗಿಂತ ಕೆಳಗಿಳಿದ್ರೆ ಅಲ್ಲೇ ಕಳ್ಳ.

ಉತ್ತರ 2: ಬೋರ್ಡ್ ಕಳಚೋದು ಮರೀಬೇಡಿ, ನಾನೊಂದು ಸುಟ್ಕೊಂಡಿದೀನಿ. ಟೇಪ್ ಸುತ್ತಿ ಕೈತೊಳ್ಕೋಬೇಡಿ, ಫ್ಲೆಕ್ಸಿಬಲ್ ಕೇಬಲ್ಲೇ ಹಾಕಿ.

ಪ್ರಶ್ನೆ ಕೇಳಿದವರು: ಸಿಕ್ತು ಸರ್! ಕ್ಲಾಂಪ್ ಅಡಿ ಉಗುರಿನಷ್ಟು ಜಾಗದಲ್ಲಿ ತಾಮ್ರ ಹೊಳೀತಿತ್ತು. ಹಳೇ ಮೋಟರ್ ಗುಜರಿಗೆ ಹಾಕಿಲ್ಲ ಸದ್ಯ.