ದುಬಾರಿ ವೈಫೈ ರೂಟರ್ ಬಳಸಿದವರು ಹೇಳಿ: ಅಷ್ಟು ದುಡ್ಡು ಕೊಡಬಹುದಾ?

ಎರಡು ಅಂತಸ್ತಿನ ಮನೆ. 300 ಎಂಬಿಪಿಎಸ್ ಫೈಬರ್ ಕನೆಕ್ಷನ್. ಕನೆಕ್ಷನ್ ಕಂಪನಿಯವರೇ ಕೊಟ್ಟ ರೂಟರ್ ಕೆಳಗೆ ಟಿವಿ ಹಿಂದೆ ಕೂತಿದೆ. ಮೇಲಿನ ರೂಮುಗಳಲ್ಲಿ ವಿಡಿಯೋ ಕಾಲ್ ಮಾಡಿದರೆ ಮುಖ ನಿಂತುಬಿಡುತ್ತದೆ, ಮಾತು ತುಂಡು ತುಂಡಾಗುತ್ತದೆ. ಎಂಟು ಆಂಟೆನಾ ಇರುವ, ಡಬ್ಬದ ಮೇಲೆ ‘ಎಎಕ್ಸ್11000’ ಅಂತ ಬರೆದಿರುವ ರೂಟರ್ ಒಂದರ ಮೇಲೆ ಕಣ್ಣಿದೆ. ಸಾಮಾನ್ಯ ರೂಟರಿನ ನಾಲ್ಕೈದು ಪಟ್ಟು ಬೆಲೆ. ತಗೋಬಹುದಾ? ಇಂಥದ್ದು ಬಳಸಿದವರು ಅನುಭವ ಹೇಳಿದರೆ ಉಪಕಾರ ಆಗುತ್ತದೆ.

* * *

ಮೊದಲು ಆ 11000ದ ಲೆಕ್ಕ ನೋಡೋಣ. ಅದು ಒಂದು ವೇಗ ಅಲ್ಲ, ಮೂರು ವೇಗಗಳ ಮೊತ್ತ. ಆ ರೂಟರಿನಲ್ಲಿ ಮೂರು ರೇಡಿಯೋ ಇರುತ್ತವೆ. 2.4 ಗಿಗಾಹರ್ಟ್ಸ್‌ನದಕ್ಕೆ 1148 ಎಂಬಿಪಿಎಸ್, 5 ಗಿಗಾಹರ್ಟ್ಸ್‌ನ ಎರಡಕ್ಕೂ ತಲಾ 4804. ಕೂಡಿಸಿದರೆ 10,756. ಅದನ್ನು ದುಂಡಗೆ ಮಾಡಿ 11000 ಅಂತ ಅಚ್ಚು ಹಾಕಿದ್ದಾರೆ. ನಿಮ್ಮ ಫೋನ್ ಒಂದು ಹೊತ್ತಿಗೆ ಮಾತಾಡೋದು ಒಂದು ರೇಡಿಯೋ ಜೊತೆ. ಹಾಗಾಗಿ ಆ ಮೊತ್ತ ಯಾರ ಕೈಗೂ ಸಿಗೋದಿಲ್ಲ.

4804 ಆದರೂ ಸಿಗುತ್ತದಾ ಅಂದರೆ ಅದೂ ಇಲ್ಲ. ಅದಕ್ಕೆ ಫೋನಿನ ಕಡೆಯೂ ನಾಲ್ಕು ಆಂಟೆನಾ ಬೇಕು, 160 ಮೆಗಾಹರ್ಟ್ಸ್ ಅಗಲದ ಚಾನೆಲ್ ಬೇಕು. ಫೋನು, ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರೋದು ಎರಡೇ ಆಂಟೆನಾ. ವೈಫೈ 6 (ಡಬ್ಬದ ಮೇಲಿನ ‘ಎಎಕ್ಸ್’ ಅಂದರೆ ಇದೇ) ಇರುವ ಅಂಥ ಫೋನಿಗೆ 80 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ ಹೆಚ್ಚೆಂದರೆ 1201 ಎಂಬಿಪಿಎಸ್ ಲಿಂಕ್ ಬರುತ್ತದೆ. ಡೌನ್‌ಲೋಡ್‌ಗೆ ನಿಜವಾಗಿ ಸಿಗೋದು ಅದರ ಮೂರನೇ ಎರಡು ಭಾಗ ಅಂದುಕೊಳ್ಳಿ, ಅದೂ ರೂಟರ್ ಎದುರಿಗೇ ಕೂತರೆ. ಈ 1201 ಕೊಡೋಕೆ ಎಎಕ್ಸ್1800 ದರ್ಜೆಯ ಸಾಧಾರಣ ರೂಟರ್ ಸಾಕು. ನಿಮ್ಮ ಲೈನ್ ಇರೋದೇ 300.

ಇನ್ನು ಎಂಟು ಆಂಟೆನಾ. ರೂಟರ್ ಎಷ್ಟು ಶಕ್ತಿಯಲ್ಲಿ ಸಿಗ್ನಲ್ ಬಿಡಬಹುದು ಅನ್ನೋದಕ್ಕೆ ಕಾನೂನಿನ ಮಿತಿ ಇರುತ್ತದೆ. ಜಾಸ್ತಿ ದುಡ್ಡು ಕೊಟ್ಟರೆ ಆ ಮಿತಿ ಏರೋದಿಲ್ಲ. ಜೊತೆಗೆ ವೈಫೈ ಎರಡೂ ಕಡೆಯ ಮಾತು ಅನ್ನೋದನ್ನು ಜನ ಮರೆಯುತ್ತಾರೆ. ರೂಟರ್ ಹೇಳಿದ್ದು ಮೇಲಕ್ಕೆ ಕೇಳಿಸಿದರೆ ಸಾಲದು, ಬ್ಯಾಟರಿ ಉಳಿಸಿಕೊಂಡು ಪಿಸುಗುಟ್ಟುವ ಫೋನಿನ ಉತ್ತರ ಕೆಳಕ್ಕೂ ಕೇಳಿಸಬೇಕಲ್ಲ? ಆಂಟೆನಾ ಜಾಸ್ತಿ ಇದ್ದರೆ ಆ ಸಣ್ಣ ದನಿ ಹಿಡಿಯೋಕೆ ಸ್ವಲ್ಪ ಅನುಕೂಲ, ಸುಳ್ಳಲ್ಲ. ಆದರೆ ಸರಳು ಹಾಕಿದ ಕಾಂಕ್ರೀಟ್ ಮಾಳಿಗೆ ಅಡ್ಡ ಬಂದರೆ ಆ ಅನುಕೂಲ ಅಲ್ಲೇ ಮುಗಿಯಿತು.

ದುಡ್ಡು ಬಿಚ್ಚೋ ಮೊದಲು ಆ ರೂಟರನ್ನು ಟಿವಿ ಹಿಂದಿನಿಂದ ಈಚೆಗೆ ತೆಗೆಯಿರಿ. ಟಿವಿಯೊಳಗೆ ಅಗಲಕ್ಕೂ ಲೋಹದ ತಗಡು ಇರುತ್ತದೆ. ಮೆಟ್ಟಿಲಿನ ಹತ್ತಿರ, ತಲೆಯ ಎತ್ತರಕ್ಕೆ ಇಡಿ. ಆಮೇಲೆ ಮೇಲಿನ ಅದೇ ಕುರ್ಚಿಯಲ್ಲಿ ಕೂತು ಕಾಲ್ ಮಾಡಿ ನೋಡಿ. ಬಿಟ್ಟಿ ಪರೀಕ್ಷೆ ಇದು.

* * *

ಸ್ಪೀಡ್ ಟೆಸ್ಟ್‌ನಲ್ಲಿ ಎಷ್ಟು ಬರುತ್ತಿದೆ ಅಂತ ನೀವು ಹೇಳಲಿಲ್ಲ. ರೂಟರ್ ಪಕ್ಕದಲ್ಲೇ ನಿಂತರೂ 93, 94ಕ್ಕೆ ಬಂದು ಅಲ್ಲೇ ನಿಲ್ಲುತ್ತಿದ್ದರೆ ವೈಫೈನ ತಪ್ಪಲ್ಲ. ದಾರಿಯಲ್ಲಿ ಎಲ್ಲೋ ಒಂದು ಕಡೆ ತಂತಿಯ ಲಿಂಕ್ 100 ಎಂಬಿಪಿಎಸ್‌ಗೆ ಇಳಿದಿದೆ. 94 ನೋಡಿದ ತಕ್ಷಣ ನಾನು ರೂಟರ್ ಬಿಟ್ಟು ಕೇಬಲ್ ಹಿಡಿಯುತ್ತೇನೆ.

ಗೆಳೆಯರೊಬ್ಬರ ಮನೆಯಲ್ಲಿ ಹೊಸ ದುಬಾರಿ ರೂಟರ್ ಬಂದಮೇಲೂ 94 ಅಲ್ಲಾಡಲಿಲ್ಲ. ಮೋಡೆಮ್‌ನಿಂದ ರೂಟರಿಗೆ ಬರುವ ತುಂಡು ಕೇಬಲ್ ಬಿಚ್ಚಿ ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದೆವು. ಕಂದು ಬಣ್ಣದ ತಂತಿ ಪಿನ್ ತನಕ ತಲುಪಿರಲೇ ಇಲ್ಲ, ಅರ್ಧಕ್ಕೇ ನಿಂತಿತ್ತು. ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ಎಂಟೂ ತಂತಿ ಬೇಕು, 100ಕ್ಕೆ ನಾಲ್ಕು ಸಾಕು. ಉಳಿದ ನಾಲ್ಕರಲ್ಲಿ ಒಂದು ತಂತಿ ಕೈಕೊಟ್ಟರೆ ಸಾಮಾನ್ಯವಾಗಿ ಎರಡೂ ಕಡೆಯ ಪೋರ್ಟ್ ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಎಚ್ಚರಿಕೆ ಗಿಚ್ಚರಿಕೆ ಏನೂ ಬರೋದಿಲ್ಲ. ಕೇಬಲ್ ಬದಲಾಯಿಸಿದ ಮೇಲೆ ಪೂರ್ತಿ ವೇಗ ಬಂತು, ಹಳೇ ರೂಟರಿನಲ್ಲೂ ಬಂತು.

ಅಗ್ಗದ ಕೆಲವು ಎಸಿ1200 (ಹಿಂದಿನ ತಲೆಮಾರಿನ ವೈಫೈ 5) ರೂಟರ್‌ಗಳ ಪೋರ್ಟೇ 100ರದ್ದು. ಡಬ್ಬದ ಮೇಲೆ 1200, ಒಳಗೆ ಬರುವ ತಂತಿಗೆ 100! ವಿವರದಲ್ಲಿ ‘ಗಿಗಾಬಿಟ್’ ಅನ್ನೋ ಪದ ಇದೆಯಾ ನೋಡಿಕೊಳ್ಳಿ.

* * *

ಎಲ್ಲರೂ ಬೇಡ ಅಂತಿದ್ದಾರೆ, ನಾನು ಬೇಕು ಅನ್ನೋ ಪಕ್ಷ. ನನ್ನದು ದುಬಾರಿ ರೂಟರೇ. ಅದರ ಮೇಲೆ ನನಗೆ ದೂರಿಲ್ಲ. ಆದರೆ ಅದು ಒಳ್ಳೆಯದು ಅನ್ನಿಸೋದು ಆಂಟೆನಾಗಳಿಂದಲ್ಲ.

ಒಂದು ಕಾರಣ 2.5 ಗಿಗಾಬಿಟ್ ಪೋರ್ಟ್. ನಾನು ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಫೈಲುಗಳೆಲ್ಲ ಮನೆಯ ನಾಸ್‌ನಲ್ಲಿವೆ, ಅಂದರೆ ನೆಟ್‌ವರ್ಕಿಗೆ ಸೇರಿಸಿದ ಡಿಸ್ಕ್ ಪೆಟ್ಟಿಗೆಯಲ್ಲಿ. ದಿನವಿಡೀ ದೊಡ್ಡ ದೊಡ್ಡ ಫೈಲುಗಳು ಮನೆಯೊಳಗೇ ಆ ಕಡೆ ಈ ಕಡೆ ಓಡಾಡುತ್ತವೆ. ಇಂಟರ್ನೆಟ್ ಕನೆಕ್ಷನ್ ಎಷ್ಟಿದೆ ಅನ್ನೋದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಬರೀ ಸಿನಿಮಾ ನೋಡುವ ಮನೆಗೆ ಇದು ಬೇಕಿಲ್ಲ. 4ಕೆ ಸಿನಿಮಾಕ್ಕೂ 15ರಿಂದ 25 ಎಂಬಿಪಿಎಸ್ ಆದರೆ ಧಾರಾಳ.

ಇನ್ನೊಂದು ಕಾರಣ ಪ್ರೊಸೆಸರ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ತೊಂದರೆಯಲ್ಲೂ ಇದರ ಪಾಲು ಇರಬಹುದು. ಮನೆಯಲ್ಲಿ ಯಾರೋ ಫೋಟೋ ಬ್ಯಾಕಪ್ ಶುರು ಮಾಡಿದ ಕೂಡಲೇ ನನ್ನ ಕಾಲ್ ತೊದಲುತ್ತಿತ್ತು. ಸ್ಪೀಡ್ ಟೆಸ್ಟ್ ನೋಡಿದರೆ ಚೆನ್ನಾಗೇ ಬರುತ್ತಿತ್ತು. ಇದಕ್ಕೆ ಬಫರ್‌ಬ್ಲೋಟ್ ಅಂತಾರೆ. ಅಪ್‌ಲೋಡ್‌ನ ಪ್ಯಾಕೆಟ್‌ಗಳು ರೂಟರ್ ಅಥವಾ ಮೋಡೆಮ್ ಒಳಗೆ ಸಾಲುಗಟ್ಟುತ್ತವೆ. ನಿಮ್ಮ ಮಾತಿನ ಪುಟಾಣಿ ಪ್ಯಾಕೆಟ್ ಆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಗೊತ್ತುಮಾಡಿಕೊಳ್ಳೋದು ಸುಲಭ. ಕಂಪ್ಯೂಟರಿನಲ್ಲಿ ಪಿಂಗ್ (ಸಂದೇಶ ಹೋಗಿ ಬರೋಕೆ ಎಷ್ಟು ಹೊತ್ತು ಅಂತ ಅಳೆಯುವ ಆಜ್ಞೆ) ಓಡಲು ಬಿಡಿ, ಇನ್ನೊಂದರಲ್ಲಿ ದೊಡ್ಡ ಅಪ್‌ಲೋಡ್ ಶುರು ಮಾಡಿ. 15 ಮಿಲಿಸೆಕೆಂಡ್ ಬರುತ್ತಿದ್ದದ್ದು 300, 400ಕ್ಕೆ ಹಾರಿದರೆ ರೋಗ ಇದೇ.

ಮದ್ದಿನ ಹೆಸರು ಎಸ್‌ಕ್ಯುಎಂ, ಅಂದರೆ ಈ ಸಾಲನ್ನು ಜಾಣತನದಿಂದ ನಡೆಸೋ ವ್ಯವಸ್ಥೆ. ಅದರಲ್ಲಿ ‘ಕೇಕ್’ ಅನ್ನೋ ವಿಧಾನ 2018ರಲ್ಲಿ ಲಿನಕ್ಸ್ ಕರ್ನಲ್‌ಗೇ (ಎಷ್ಟೋ ರೂಟರ್‌ಗಳ ಒಳಗಿನ ಮೂಲ ತಂತ್ರಾಂಶ) ಸೇರಿತು. ಲೈನಿನ ನಿಜವಾದ ವೇಗಕ್ಕಿಂತ ಶೇ. 5ರಿಂದ 10ರಷ್ಟು ಕಡಿಮೆ ಮಿತಿ ಹಾಕಿದರೆ ಸಾಲು ಮೋಡೆಮ್‌ನಲ್ಲಿ ಬೆಳೆಯದೆ ರೂಟರಿನ ಹತೋಟಿಗೆ ಬರುತ್ತದೆ. ಆದರೆ ಪ್ರತಿ ಪ್ಯಾಕೆಟ್ಟೂ ಪ್ರೊಸೆಸರ್ ಕೈಯಿಂದಲೇ ದಾಟಬೇಕು. ಅಗ್ಗದ ಚಿಪ್ ಇಲ್ಲಿ ಏದುಸಿರು ಬಿಡುತ್ತದೆ. ನನ್ನದು ಗಿಗಾಬಿಟ್ ಲೈನ್, ಅದಕ್ಕೇ ಗಟ್ಟಿ ಪ್ರೊಸೆಸರ್ ಬೇಕಾಯಿತು. ನಿಮ್ಮ 300ಕ್ಕೆ ಮಧ್ಯಮ ಬೆಲೆಯದ್ದೇ ನಿಭಾಯಿಸುತ್ತದೆ. ಎಸ್‌ಕ್ಯುಎಂ ಸಿಗುವ ಮುಕ್ತ ರೂಟರ್ ತಂತ್ರಾಂಶ ಓಪನ್‌ಡಬ್ಲ್ಯುಆರ್‌ಟಿ ಹಾಕಲು ಬರುವ ಮಾಡೆಲ್ ಆರಿಸಿಕೊಳ್ಳಿ. ಅಂದಹಾಗೆ ಆ ಯೋಜನೆ ಹುಟ್ಟಿದ್ದೂ ಒಂದು ಸಾಧಾರಣ ರೂಟರಿನಿಂದಲೇ, ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿಯಿಂದ.

‘ಗೇಮಿಂಗ್ ಮೋಡ್’, ಬಣ್ಣದ ದೀಪ, ಜೇಡದ ಕಾಲಿನ ಆಕಾರ, ಇವಕ್ಕೆಲ್ಲ ಕೊಡೋ ದುಡ್ಡು ದಂಡ. ಗೇಮ್ ಸರ್ವರ್ ದೂರದ ದೇಶದಲ್ಲಿದ್ದರೆ ನಿಮ್ಮ ರೂಟರ್ ಏನು ಮಾಡೀತು?

* * *

ಒಂದು ಸಣ್ಣ ವಿಷಯ. ರೂಟರ್ ಹಿಂದಿನ ಯುಎಸ್‌ಬಿ 3 ಪೋರ್ಟಿಗೆ ಹಾರ್ಡ್‌ಡಿಸ್ಕ್ ಚುಚ್ಚಿದರೆ 2.4 ಗಿಗಾಹರ್ಟ್ಸ್ ವೈಫೈ ಹದಗೆಡಬಹುದು. ಯುಎಸ್‌ಬಿ 3ರ ಗಲಾಟೆ ಅದೇ ಅಲೆಗಳ ಮೇಲೆ ಬೀಳುತ್ತದೆ. ನಮ್ಮಲ್ಲಿ ಡಿಸ್ಕ್ ಹಾಕಿದಾಗಲೆಲ್ಲ ಬಾಗಿಲಿನ ಕ್ಯಾಮೆರಾ ಆಫ್‌ಲೈನ್ ಆಗುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ಪೋರ್ಟನ್ನು ಯುಎಸ್‌ಬಿ 2ಕ್ಕೆ ಇಳಿಸಿದ ಮೇಲೆ ನಿಂತಿತು. ದುಬಾರಿ ರೂಟರ್ ಅಂತ ಈ ತೊಂದರೆ ಬಿಡೋದಿಲ್ಲ.

* * *

ಪ್ರಶ್ನೆ ಕೇಳಿದವನು. ಎಲ್ಲರಿಗೂ ಥ್ಯಾಂಕ್ಸ್. ಫೈಬರ್ ತಂತಿ ಸ್ವಲ್ಪ ಉದ್ದ ಇತ್ತು, ರೂಟರನ್ನು ಮೆಟ್ಟಿಲ ಪಕ್ಕದ ಶೆಲ್ಫ್ ಮೇಲೆ ಇಟ್ಟೆ. ಮೇಲೆ 20ರ ಆಸುಪಾಸು ಬರುತ್ತಿದ್ದದ್ದು ಈಗ 120 ದಾಟುತ್ತಿದೆ. ಕಾಲ್ ನಿಲ್ಲುತ್ತಿಲ್ಲ. ಮೂಲೆಯ ರೂಮ್ ಮಾತ್ರ ಹಾಗೇ ಇದೆ, ಎರಡು ಗೋಡೆ ದಾಟಬೇಕು. ಅದಕ್ಕೆ ಮೆಶ್ (ಸೇರಿ ಒಂದೇ ವೈಫೈ ಕೊಡುವ ಎರಡು ಮೂರು ಡಬ್ಬಗಳ ಸೆಟ್) ತಗೊಳ್ಳಲಾ? ಇಲ್ಲಾ ಮುಂದಕ್ಕೂ ಆಗಲಿ ಅಂತ ಒಂದೇ ಸಲ ವೈಫೈ 7 ತಗೊಂಡುಬಿಡಲಾ?

* * *

ಮೂಲೆ ರೂಮಿಗೋಸ್ಕರ ವೈಫೈ 7 ಅಂದರೆ ಬೇಡ. ಅದರ ದೊಡ್ಡ ಆಕರ್ಷಣೆ 320 ಮೆಗಾಹರ್ಟ್ಸ್ ಚಾನೆಲ್. ಅದು ಇರೋದು 6 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಮಾತ್ರ. ಆ ಬ್ಯಾಂಡ್ ಗೋಡೆ ದಾಟೋದರಲ್ಲಿ 5ಕ್ಕಿಂತಲೂ ಸೋಮಾರಿ. ಎಲ್ಲ ದೇಶಗಳಲ್ಲೂ ಅದು ಪೂರ್ತಿ ತೆರೆದಿಲ್ಲ. ನಿಮ್ಮ ಫೋನಿಗೂ ಅದು ಬರಬೇಕು. ವೈಫೈ 7ರ ಪ್ರಮಾಣೀಕರಣ ಶುರುವಾಗಿದ್ದೇ 2024ರ ಜನವರಿಯಲ್ಲಿ. ಅದಕ್ಕೂ ಹಳೆಯ ಫೋನ್‌ಗಳೇ ಮನೆ ತುಂಬ ಇದ್ದರೆ ಹೊಸ ರೂಟರ್ ಅವುಗಳ ಜೊತೆ ಹಳೇ ಭಾಷೆಯಲ್ಲೇ ಮಾತಾಡುತ್ತದೆ.

5 ಗಿಗಾಹರ್ಟ್ಸ್‌ನಲ್ಲಿ 160 ಮೆಗಾಹರ್ಟ್ಸ್ ಹಾಕುವವರಿಗೂ ಒಂದು ಮಾತು. ಅಷ್ಟು ಅಗಲ ಬೇಕೆಂದರೆ ಸಾಮಾನ್ಯವಾಗಿ ರೇಡಾರ್ ಬಳಸುವ ಚಾನೆಲ್‌ಗಳೂ ಅದರೊಳಗೆ ಬರುತ್ತವೆ. ರೇಡಾರ್ ಸುಳಿವು ಸಿಕ್ಕರೆ ರೂಟರ್ ಆ ಚಾನೆಲ್ ಬಿಟ್ಟು ಹೋಗಲೇಬೇಕು, ಅದು ನಿಯಮ. ಹೊಸ ಚಾನೆಲ್ಲೂ ಅದೇ ಗುಂಪಿನದಾದರೆ ಕನಿಷ್ಠ 60 ಸೆಕೆಂಡ್ ಸುಮ್ಮನೆ ಕಿವಿಗೊಟ್ಟು ಆಮೇಲೆ ಶುರು ಮಾಡಬೇಕು. ‘ಆಗಾಗ ಒಂದು ನಿಮಿಷ ನೆಟ್ ಮಾಯ’ ಅನ್ನುವವರು ರೂಟರಿನ ಲಾಗ್ ತೆರೆದು ನೋಡಿ, ರೇಡಾರ್ ಅಂತ ಬರೆದಿರುತ್ತದೆ. ನಾನಂತೂ 80ಕ್ಕೆ ಇಳಿಸಿ ಆರಾಮಾಗಿದ್ದೇನೆ.

* * *

ಮನೆಗಳಿಗೆ ನೆಟ್‌ವರ್ಕ್ ಹಾಕಿಕೊಡೋದು ನನ್ನ ಕೆಲಸ. ಒಂದು ದುಬಾರಿ ರೂಟರಿಗಿಂತ ಎರಡು ಸಾಧಾರಣ ರೂಟರ್ ಮೇಲು. ಆ ಎರಡರ ನಡುವೆ ತಂತಿ ಇದ್ದರೆ ಇನ್ನೂ ಮೇಲು.

ಮೆಶ್‌ನಲ್ಲಿ ಎರಡೇ ಬ್ಯಾಂಡ್ ಇರುವ ಅಗ್ಗದ ಸೆಟ್ ತಗೊಂಡರೆ ದೂರದ ನೋಡ್ (ಸೆಟ್‌ನ ಇನ್ನೊಂದು ಡಬ್ಬ) ಒಂದೇ ರೇಡಿಯೋದಲ್ಲಿ ಮುಖ್ಯ ರೂಟರ್ ಜೊತೆಗೂ ಮಾತಾಡಬೇಕು, ನಿಮ್ಮ ಫೋನ್ ಜೊತೆಗೂ ಮಾತಾಡಬೇಕು. ವೇಗ ಸುಮಾರು ಅರ್ಧಕ್ಕೆ ಬೀಳುತ್ತದೆ. ಮೂರು ಬ್ಯಾಂಡ್ ಸೆಟ್‌ಗೆ ಜಾಸ್ತಿ ಕೊಡೋದು ಇದಕ್ಕೇ, ಮೂರನೆಯದನ್ನು ನೋಡ್‌ಗಳ ಮಾತಿಗೆ ಮೀಸಲಿಡಬಹುದು. ಮೆಶ್‌ನಲ್ಲಿ ದುಬಾರಿಗೆ ಅರ್ಥ ಇದೆ ಅಂತ ನಾನು ಒಪ್ಪೋದು ಈ ಒಂದು ಕಡೆ, ಅದೂ ತಂತಿ ಎಳೆಯಲು ಆಗದ ಮನೆಗೆ. ಅಲ್ಲೂ ನೋಡನ್ನು ಸಿಗ್ನಲ್ ಸತ್ತ ರೂಮಿನೊಳಗೆ ಇಡಬೇಡಿ. ಅರ್ಧ ದಾರಿಯಲ್ಲಿ, ಸಿಗ್ನಲ್ ಚೆನ್ನಾಗಿರುವ ಜಾಗದಲ್ಲಿ ಇಡಿ. ಮುಖ್ಯ ರೂಟರಿನಿಂದ ಅದಕ್ಕೇ ಬರದಿದ್ದದ್ದನ್ನು ಅದು ಮುಂದಕ್ಕೆ ಹೇಗೆ ಕೊಟ್ಟೀತು?

ತಂತಿ ಎಳೆಯಬಹುದಾದರೆ ಕ್ಯಾಟ್ 5ಇ ದರ್ಜೆಯ ಕೇಬಲ್ ಸಾಕು. 100 ಮೀಟರ್ ತನಕ ಗಿಗಾಬಿಟ್ ಹೋಗುತ್ತದೆ. ಹೊಸದಾಗಿ ಎಳೆಯೋದಾದರೆ ಕ್ಯಾಟ್ 6 ಹಾಕಿಸಿ, ಪೂರ್ತಿ ತಾಮ್ರದ್ದೇ ಇರಲಿ. ತಾಮ್ರದ ಲೇಪ ಇರುವ ಅಲ್ಯೂಮಿನಿಯಂ ಕೇಬಲ್ ಬಾಗಿಸಿದ ಕಡೆ ಮುರಿಯುತ್ತದೆ. ಹಳೇ ಟಿವಿಯ ಕೋಆಕ್ಸ್ ಕೇಬಲ್ ಗೋಡೆಯಲ್ಲಿದ್ದರೆ ಮೋಕಾ ಅಡಾಪ್ಟರ್ ಹಾಕಿ ಅದನ್ನೇ ಬಳಸಬಹುದು. ಕರೆಂಟ್ ವೈರಿನಲ್ಲೇ ನೆಟ್ ಕಳಿಸುವ ಅಡಾಪ್ಟರ್ ಮಾತ್ರ ಅದೃಷ್ಟದಾಟ. ಒಂದು ಸ್ವಿಚ್‌ಬೋರ್ಡಿನಲ್ಲಿ ಓಡುತ್ತದೆ, ಪಕ್ಕದ್ದರಲ್ಲಿ ತೆವಳುತ್ತದೆ. ವಾಪಸ್ ಕೊಡಲು ಬರುವ ಹಾಗಿದ್ದರೆ ಮಾತ್ರ ತಗೊಳ್ಳಿ.

* * *

ಬೆಲೆ ನೋಡುವಾಗ ಇನ್ನೊಂದು ವಿಷಯ ನೋಡಿ: ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ? 2018ರಲ್ಲಿ ವಿಪಿಎನ್‌ಫಿಲ್ಟರ್ ಅನ್ನೋ ಮಾಲ್‌ವೇರ್ 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ಸಾಧನಗಳಿಗೆ ಹೊಕ್ಕಿತ್ತು. ಹೆಚ್ಚಿನವು ಮನೆ, ಸಣ್ಣ ಕಚೇರಿಗಳ ರೂಟರ್‌ಗಳೇ. ದುಬಾರಿ ಮಾಡೆಲ್ ಅಂದಮಾತ್ರಕ್ಕೆ ಅಪ್‌ಡೇಟ್ ಜಾಸ್ತಿ ಕಾಲ ಬರುತ್ತದೆ ಅಂತಲ್ಲ. ತಯಾರಕರ ಜಾಲತಾಣದಲ್ಲಿ ಆ ಮಾಡೆಲ್‌ನ ಕೊನೆಯ ಫರ್ಮ್‌ವೇರ್ (ರೂಟರಿನ ಒಳಗಿನ ತಂತ್ರಾಂಶ) ಯಾವಾಗಿನದು ನೋಡಿ. ಮಕ್ಕಳ ನಿಯಂತ್ರಣ, ಭದ್ರತೆ ಇವಕ್ಕೆ ಆಮೇಲೆ ವರ್ಷ ವರ್ಷ ಚಂದಾ ಕೇಳುತ್ತಾರಾ ಅದನ್ನೂ ನೋಡಿ. ಕೆಲವರು ಕೇಳುತ್ತಾರೆ.

* * *

ಪ್ರಶ್ನೆ ಕೇಳಿದವನು. ಮೂಲೆ ರೂಮಿಗೆ ಹಳೇ ಟೆಲಿಫೋನ್ ಪೈಪ್ ಇದೆ, ಅದರಲ್ಲಿ ಕ್ಯಾಟ್ 6 ಹೋಗುತ್ತದೆ ಅಂತ ಎಲೆಕ್ಟ್ರಿಷಿಯನ್ ಹೇಳಿದರು. ಎಎಕ್ಸ್11000 ಬಿಟ್ಟೆ. ಎಎಕ್ಸ್3000ದ ಒಂದು ಸಾಧಾರಣ ರೂಟರ್ ಮೇಲಕ್ಕೆ ಹಾಕೋಣ ಅಂತಿದ್ದೇನೆ. ಸೆಟ್ಟಿಂಗ್ ಏನಾದರೂ ಬದಲಾಯಿಸಬೇಕಾ?

* * *

ಮೆನುವಿನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಇದ್ದರೆ ಅದನ್ನು ಆರಿಸಿ, ಕೆಲಸ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಅದರ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಅದರ ವಿಳಾಸ ಕೆಳಗಿನ ರೂಟರಿನದಕ್ಕೆ ತಾಕದ ಹಾಗೆ ಬದಲಾಯಿಸಿ, ಕೇಬಲ್ಲನ್ನು ವ್ಯಾನ್ (ಇಂಟರ್ನೆಟ್ ಬರುವ) ಪೋರ್ಟಿನ ಬದಲು ಲ್ಯಾನ್ (ಮನೆಯೊಳಗಿನ ನೆಟ್‌ವರ್ಕಿನ) ಪೋರ್ಟಿಗೆ ಹಾಕಿ. ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಮೂರೂ ಕೆಳಗಿನದರಂತೆಯೇ ಇರಲಿ. 2.4ರಲ್ಲಿ ಕೆಳಗಿನದು 1ನೇ ಚಾನೆಲ್‌ನಲ್ಲಿದ್ದರೆ ಮೇಲಿನದಕ್ಕೆ 6 ಅಥವಾ 11 ಕೊಡಿ. ಮೇಲೆ ಹೋದಮೇಲೂ ಫೋನ್ ಕೆಳಗಿನದಕ್ಕೇ ಅಂಟಿಕೊಂಡರೆ ಗಾಬರಿ ಬೇಡ. ಯಾವಾಗ ಬದಲಾಗಬೇಕು ಅಂತ ತೀರ್ಮಾನ ಮಾಡೋದು ಫೋನೇ. ಕೆಳಗಿನ ರೂಟರಿನ ಪವರ್ ಒಂದು ಮೆಟ್ಟಿಲು ಇಳಿಸಿ ನೋಡಿ, ಬೇಗ ಬಿಡುತ್ತದೆ.