ಸಹಾಯ ಬೇಕು: ಕೆಲಸ ಬಿಡದೆ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಮಾಡಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಕುಮಟಾದವಳು, ಇಲ್ಲೇ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಓದಿದ್ದು ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ; ಅದಾದ ಮೇಲೆ ಮಾಡುವ ಡಿಗ್ರಿಯೇ ಪೋಸ್ಟ್ ಬೇಸಿಕ್ ಬಿಎಸ್ಸಿ. ವಾರ್ಡ್ ಇನ್‌ಚಾರ್ಜ್ ಮಾಡುವಾಗ ಡಿಗ್ರಿ ಇದೆಯಾ ಅಂತ ಕೇಳುತ್ತಾರೆ, ಮುಂದೆ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಆಸೆಯೂ ಇದೆ, ಅದಕ್ಕೆ ಡಿಪ್ಲೊಮಾ ಸಾಲುವುದಿಲ್ಲ ಅಲ್ವಾ.

ರೆಗ್ಯುಲರ್ ಆದರೆ 2 ವರ್ಷದ ಕೋರ್ಸು. ಹುಬ್ಬಳ್ಳಿಗೆ ಹೋಗಿ ಹಾಸ್ಟೆಲ್ ಸೇರಬೇಕು, ಸಂಬಳ ನಿಂತುಹೋಗುತ್ತದೆ, ಮನೆಯಲ್ಲಿ ಸಾಲದ ಕಂತು ನಡೆಯುತ್ತಿದೆ. ದಿನಾ ಅರಬೈಲ್ ಘಟ್ಟ ಹತ್ತಿ ಇಳಿದು ಓದುತ್ತೇನೆ ಅನ್ನುವುದು ಸುಮ್ನೆ ಮಾತು, ಮಳೆಗಾಲದಲ್ಲಂತೂ ಕೇಳಲೇಬೇಡಿ. ಮಗಳನ್ನು ಅತ್ತೆ ನೋಡಿಕೊಳ್ಳುತ್ತಾರೆ, ಆ ಚಿಂತೆ ಇಲ್ಲ.

ಇನ್ನೊಂದು ದಾರಿ ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ. ಅದು 3 ವರ್ಷ, ಕೆಲಸದಲ್ಲಿರುವ ನರ್ಸ್‌ಗಳಿಗೇ ಇರುವುದು, ನರ್ಸಿಂಗ್ ಕೌನ್ಸಿಲ್ ನೋಂದಣಿ ಬೇಕು, ಅನುಭವ ಬೇಕು, ಪ್ರವೇಶ ಪರೀಕ್ಷೆಯೂ ಇದೆ. ದೂರಶಿಕ್ಷಣ ಅಂದರೂ ಪ್ರಾಕ್ಟಿಕಲ್‌ಗೆ ಸೆಂಟರ್‌ಗೆ ಹೋಗಲೇಬೇಕು. ಕಾರವಾರ, ಶಿರಸಿ ಕಡೆಯಿಂದ ಹೀಗೆ ಮಾಡಿದವರು ಯಾರಾದರೂ ಇದ್ದರೆ ಹೇಳಿ: ಸೆಂಟರ್ ಎಲ್ಲಿ ಸಿಕ್ಕಿತು? ಪ್ರಾಕ್ಟಿಕಲ್ ದಿನಗಳಿಗೆ ರಜೆ ಹೇಗೆ ಹೊಂದಿಸಿದಿರಿ? ನೈಟ್ ಡ್ಯೂಟಿ ಜಾಸ್ತಿ ತಗೊಂಡು ಹಗಲು ಓದೋಣ ಅಂದುಕೊಂಡಿದ್ದೇನೆ, ಆದರೆ ನೈಟ್ ಮುಗಿಸಿ ಬಂದವಳಿಗೆ ಪುಸ್ತಕ ತೆರೆದರೆ ನಿದ್ದೆಯೇ ಬರುವುದು, ಅದೂ ನಿಜ.

ಕ್ಲಾಸಿಗೆ ಬರುವುದೇ ಬೇಡ, ದುಡ್ಡು ಕಟ್ಟಿ ಸಾಕು ಅನ್ನುವ ಏಜೆಂಟರ ನಂಬರ್ ದಯವಿಟ್ಟು ಕೊಡಬೇಡಿ. ರೋಗಿಗೆ ಇಂಜೆಕ್ಷನ್ ಕೊಡುವ ಕೈ ಇದು, ಅಂಥ ಸರ್ಟಿಫಿಕೇಟ್ ನನಗೆ ಬೇಡ.

ಇಲ್ಲೇ ಕೆಳಗೆ ಬರೆಯಿರಿ, ನಮ್ಮ ವಾರ್ಡಿನ ಬೇರೆಯವರೂ ಇದನ್ನೇ ಕೇಳುತ್ತಿದ್ದಾರೆ.